ಪಟಾಕಿ ಇಲ್ಲದ ಮೆರವಣಿಗೆ

ರಾಮಸಮುದ್ರದ ಭೀಮಾಶಂಕರ ಮಿಲ್ಟ್ರಿಯಿಂದ ನಿವೃತ್ತನಾಗಿ ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದ ದಿನ ಊರಿಗೆ ಊರೇ ಹಾರ ಹಿಡಿದು ನಿಂತಿತ್ತು. ಕುರಿ ಕಾಯುವ ಅಪ್ಪ ಅಂಬಣ್ಣ ಮಗನನ್ನು ಟ್ರ್ಯಾಕ್ಟರಿನ ಟ್ರ್ಯಾಲಿಗೆ ಹತ್ತಿಸಿ, ತಾನೇ ತಂದ ಸರಪಟಾಕಿಗೆ ತಾನೇ ಕಡ್ಡಿ ಗೀರಿದ. ಮರುಕ್ಷಣ ನೋಡಿದರೆ ಮೆರವಣಿಗೆ ಇದೆ, ಮೆರೆಯುವವನೇ ಇಲ್ಲ! ಭೀಮಾಶಂಕರ ಹಾರದ ಸಮೇತ ಟ್ರ್ಯಾಲಿಯೊಳಗೆ ಬೋರಲು ಬಿದ್ದು ಕಿವಿ ಮುಚ್ಚಿಕೊಂಡಿದ್ದ.

"ಕಾಲು ಜಾರಿತ್ರಿ" ಎಂದು ಎದ್ದು ನಕ್ಕ. ಊರೂ ನಕ್ಕಿತು. ಹೆಂಡತಿ ಶಿವಲೀಲಾ ಮಾತ್ರ ನಗಲಿಲ್ಲ.

ವಿಷಯ ಗೊತ್ತಿದ್ದದ್ದು ಅವಳೊಬ್ಬಳಿಗೇ. ಗಡಿಯ ಬೆಟ್ಟಗಳಲ್ಲಿ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುವುದು ಭೀಮಾಶಂಕರನ ಕೆಲಸವಾಗಿತ್ತು. ಒಮ್ಮೆ ಶೆಲ್ ಬಿದ್ದು, ಜೊತೆಗಾರನೂ ಅವನ ಹೇಸರಗತ್ತೆಯೂ ಇವನ ಕಣ್ಣೆದುರೇ ಸತ್ತುಹೋದರು. ಆಮೇಲೆ ದೊಡ್ಡ ಸದ್ದಾದರೆ ಸಾಕು, ಮೈಯೆಲ್ಲ ತಣ್ಣಗಾಗಿ ಮತ್ತೆ ಅದೇ ಬೆಟ್ಟದಲ್ಲಿ ನಿಂತಂತಾಗುತ್ತಿತ್ತು. ಇದು ಆಘಾತದಿಂದ ಬಂದ ಮಾನಸಿಕ ಕಾಯಿಲೆ ಎಂದು ಸೇನೆಯ ಡಾಕ್ಟರು ಗುಳಿಗೆ ಕೊಟ್ಟಿದ್ದರು. ಸುತ್ತಲ ಹಳ್ಳಿಗೆಲ್ಲ ಮಗನ ಧೈರ್ಯ ಸಾರಿಕೊಂಡು ಬಂದ ಮುದುಕನ ಮುಂದೆ ಇದನ್ನು ಹೇಳಲು ಬಾಯಿ ಬರಬೇಕಲ್ಲ.

ಅಷ್ಟರಲ್ಲಿ ಅಂಬಣ್ಣ ಮಗನಿಗೊಂದು ಕೆಲಸವನ್ನೂ ಗೊತ್ತುಮಾಡಿಬಿಟ್ಟ. ಶಹಾಪುರದ ಹತ್ತಿ ಮಿಲ್ಲಿಗೆ ಬಂದೂಕು ಹಿಡಿದು ಕಾವಲು! ಮಿಲ್ಟ್ರಿಯವನೆಂದರೆ ನಮ್ಮ ಜನಕ್ಕೆ ಬೇರೇನೂ ತೋಚುವುದಿಲ್ಲ. ಅಲ್ಲಿ ಹತ್ತು ವರ್ಷ ಚಪಾತಿ ಲಟ್ಟಿಸಿ ಬಂದವನ ಕೈಗೂ ಬಂದೂಕೇ ಕೊಡುತ್ತಾರೆ.

ಶಿವಲೀಲಾ ಗಂಡನನ್ನು ಯಾದಗಿರಿಯ ಆಪ್ತಸಮಾಲೋಚಕಿ ಕಲ್ಪನಾ ಅವರ ಹತ್ತಿರ ಎಳೆದೊಯ್ದಳು.

"ಬಂದೂಕು ಬ್ಯಾಡ್ರಿ. ನಿಮಗ ಚಂದ ಬರೋ ಕೆಲಸ ಯಾವ್ದು?" ಎಂದು ಕೇಳಿದರು ಕಲ್ಪನಾ.

"ಪ್ರಾಣಿ ನೋಡ್ಕೊಳ್ಳೋದ್ರಿ. ಸಣ್ಣಾಂವಿದ್ದಾಗ ಕುರಿ, ಅಲ್ಲಿ ಹೇಸರಗತ್ತಿ."

"ಮತ್ತ ಅದನ್ನ ಬಿಟ್ಟು ಎಲ್ಲಿಗಿ ಹೊಂಟೀರಿ? ಕೆಲಸ ನಾನೂ ಹುಡುಕ್ತೀನಿ. ನೀವು ಗುಳಿಗಿ ಬಿಡಬ್ಯಾಡ್ರಿ. ಅಪ್ಪಗ ಮಾತ್ರ ನೀವೇ ಹೇಳಬೇಕು ನೋಡ್ರಿ."

ಕಲ್ಪನಾ ಹುಡುಕಿಯೇ ಬಿಟ್ಟರು. ಸುರಪುರದಲ್ಲಿ ಖಾಸಗಿ ಪಶು ಚಿಕಿತ್ಸಾಲಯ ನಡೆಸುವ ಡಾಕ್ಟರ್ ಮೆಹಬೂಬ ಕಾಯಿಲೆಯ ವಿಷಯವನ್ನೆಲ್ಲ ಭೀಮಾಶಂಕರನ ಬಾಯಿಂದಲೇ ಕೇಳಿ, "ನಮ್ಮಲ್ಲಿ ಸದ್ದಂದ್ರ ಎಮ್ಮಿ ಒದರೋದಷ್ಟೇ. ಸೋಮವಾರ ಬರ್ರಿ" ಎಂದರು.

ಆ ಸಂಜೆ ಕುರಿ ಹಟ್ಟಿಯ ಬಳಿ ಭೀಮಾಶಂಕರ ಅಪ್ಪನಿಗೆ ಎಲ್ಲವನ್ನೂ ಹೇಳಿದ. ಕೇಳಿದವನೇ ಅಂಬಣ್ಣ ಕೋಲು ಹಿಡಿದು ಎದ್ದು ಹೋದ. ಮುಗೀತು, ಅಪ್ಪನ ಮರ್ಯಾದೆ ಮಣ್ಣುಪಾಲು ಮಾಡಿದೆ ಎಂದು ಭೀಮಾಶಂಕರ ಕುಸಿದು ಕೂತ.

ಸೋಮವಾರ ಅವನು ಹೊರಡುವ ಹೊತ್ತಿಗೆ ಗೆಳೆಯ ಬಸವಂತ್ರಾಯ ಓಣಿಯವರನ್ನೆಲ್ಲ ಕಟ್ಟಿಕೊಂಡು, ಸರಪಟಾಕಿ ಹಿಡಿದು ಬಾಗಿಲಿಗೆ ಬಂದ. ಅಂಬಣ್ಣ ಅದನ್ನು ಕಸಿದು, ಕುರಿ ನೀರು ಕುಡಿಯುವ ದೋಣಿಯಲ್ಲಿ ಅದ್ದಿಬಿಟ್ಟ.

"ಯಾಕ್ರಿ ಕಾಕಾ?"

"ನನ್ನ ಮಗನಿಗೆ ಮನಸಿನ ಕಾಯಿಲಿ ಅದ. ಡಾಕ್ಟರು ನೋಡಾಕತ್ತಾರ" ಎಂದ ಅಂಬಣ್ಣ, ಓಣಿಗೆಲ್ಲ ಕೇಳುವಂತೆ. "ತೋಳ ಹೊಕ್ಕು ಹೋದ ಮ್ಯಾಲ ಹಟ್ಟ್ಯಾಗಿನ ಕುರಿ ಎಷ್ಟೋ ದಿನ ಬೆದರತಾವ. ಅಂಥಾ ಕುರಿ ಮುಂದ ಪಟಾಕಿ ಹಚ್ಚಿದಾಂವ ಕುರುಬನೇನು? ಅವತ್ತು ಹಚ್ಚಿದಾಂವ ನಾನೇ."

ಮುದುಕ ಕೋಲು ತೆಗೆದುಕೊಂಡು ಮಗನ ಮುಂದೆ ಮುಂದೆ ಬಸ್ ಸ್ಟಾಪಿನತ್ತ ನಡೆದ. ಹಿಂದೆ ಬರುತ್ತಿದ್ದ ಭೀಮಾಶಂಕರನಿಗೆ ನಗುವೂ ಬಂತು, ಅಳುವೂ ಬಂತು. ಎದುರಿನಿಂದ ಬಂದ ಟಂಟಂ ಆಟೋದವನು ಹಾರ್ನಿಗೆ ಕೈ ಹಾಕಿದ್ದ. ಅಂಬಣ್ಣ ಕೋಲೆತ್ತಿದ್ದು ಕಂಡು ಸುಮ್ಮನೆ ಬದಿಗೆ ಸರಿದು ದಾರಿ ಬಿಟ್ಟ.