ಟ್ರೈಲರ್ ಬ್ರೇಕಿನ ಮೊದಲ ಇಳಿಜಾರು

ಕಡಲೆಕಾಯಿ ಬಿಡಿಸುವ ಮಿಷನ್ನನ್ನು ಟ್ರೈಲರಿನ ಮೇಲೆ ಕೂರಿಸಿ, ಪಿಕಪ್ಪಿಗೆ ಕಟ್ಟಿಕೊಂಡು ಊರೂರು ತಿರುಗುವುದು ನನ್ನ ಮತ್ತು ಅಣ್ಣನ ಕೆಲಸ. ಇಳಿಜಾರು ಬಂದರೆ ಟ್ರೈಲರ್ ಹಿಂದಿನಿಂದ ನೂಕುತ್ತಿತ್ತು. ಸಾಕಾಗಿ ಅದಕ್ಕೂ ಕರೆಂಟ್ ಬ್ರೇಕ್ ಹಾಕಿಸಿದೆ. ಶಿರಾದ ಮೆಕ್ಯಾನಿಕ್ ಅದರ ಕಂಟ್ರೋಲರ್ ಡಬ್ಬಿಯನ್ನು ಸ್ಟೇರಿಂಗ್ ಕೆಳಗೆ ಕೂರಿಸಿ, ಹಸಿರು ದೀಪ ಉರಿಯುತ್ತಿದ್ದರೆ ಟ್ರೈಲರಿಗೆ ಬ್ರೇಕ್ ಇದೆ ಎಂದರ್ಥ ಅಂದಿದ್ದ.

ಮರುದಿನವೇ ತೋವಿನಕೆರೆ ಕಡೆ ಹೊರಟೆವು. ಚಕ್ರಕ್ಕೆ ಅಡ್ಡ ಕೊಡುವ ಹಳೇ ಕಲ್ಲನ್ನು ಅಣ್ಣ ಕಾಲಡಿ ಇಟ್ಟುಕೊಂಡಿದ್ದ.

"ಬ್ರೇಕ್ ಹಾಕ್ಸಿದ್ಮೇಲೂ ಯಾಕಣ್ಣ ಅದು?" ಎಂದು ರೇಗಿದೆ. ಅವನು ಕಲ್ಲನ್ನು ಕಾಲಿನಿಂದ ಇನ್ನಷ್ಟು ಒಳಕ್ಕೆ ಸರಿಸಿಕೊಂಡ.

ಇಳಿಜಾರಿನ ನಡುವೆ ಟ್ರೈಲರ್ ಮತ್ತೆ ನೂಕಿತು. ಬ್ರೇಕ್ ತುಳಿದೆ. ಪೆಡಲ್ ಮರದಂತೆ ಬಿಗಿದಿತ್ತು, ಹಸಿರು ದೀಪ ಆರಿತ್ತು. ಕೆಳಗೆ ಕುರಿಮಂದೆ ರಸ್ತೆ ದಾಟುತ್ತಿತ್ತು.

"ಆ ಮೆಕ್ಯಾನಿಕ್ ಮನೆ ಹಾಳಾಗ!" ಎಂದು ಕೂಗಿದೆ.

ಅಣ್ಣ ಕೈ ಚಾಚಿ ಕೀ ತಿರುಗಿಸಿದ. ದೀಪ ಹತ್ತಿತು. ಟ್ರೈಲರ್ ಹಿಂದಕ್ಕೆ ಜಗ್ಗಿತು. ಕೊನೆಯ ಕುರಿಗೆ ಒಂದು ಮಾರು ದೂರದಲ್ಲಿ ನಿಂತೆವು.

ಡೀಸೆಲ್ ಉಳಿಯಲಿ ಎಂದು ಇಳಿಜಾರಿನಲ್ಲಿ ಕೀ ಆಫ್ ಮಾಡುವುದು ನನ್ನ ಹಳೇ ಚಾಳಿ. ಅವತ್ತೂ ಕೈ ತನ್ನಷ್ಟಕ್ಕೆ ಆಫ್ ಮಾಡಿತ್ತು. ಇಂಜಿನ್ ನಿಂತು ಪೆಡಲ್ ಬಿಗಿದಿತ್ತು, ಡಬ್ಬಿಗೆ ಹೋಗುವ ಕರೆಂಟೂ ನಿಂತಿತ್ತು.

ಅಣ್ಣ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದ.

"ಡಬ್ಬಿ ಮೇಲೆ ನಂಗೆ ಅನುಮಾನ ಇರ್ಲಿಲ್ಲ ಕಣ್ಲಾ. ನಿನ್ ಕೈ ಚಾಳಿ ಗೊತ್ತಿದ್ದೇ ಕಲ್ಲು ತಂದಿದ್ದು. ಅತ್ಲಾಗೆ ಜರುಗು."

ಜರುಗಿದೆ.