ಮೋಟಾರಿಲ್ಲದ ಲೇತಿನಲ್ಲಿ ಹಳದಿ ವಿಮಾನ

ನನ್ನ ಮೊಮ್ಮಗಳು ಚೈತ್ರ ಪರದೇಶಕ್ಕೆ ಹೋಗಿ ಬಂದಳು! ಬೆಳಿಗ್ಗೆ ಹೋಗಿ ರಾತ್ರಿ ಬಂದಳು. ಕೊಲಂಬೊ ವಿಮಾನ ನಿಲ್ದಾಣದ ಬೇಲಿಯಾಚೆ ರಸ್ತೆಯಲ್ಲಿ ನಿಂತು, ಇಳಿಯುವ ವಿಮಾನಗಳ ಫೋಟೋ ತೆಗೆದುಕೊಂಡು ಬಂದಳು. ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಹೇಳಿ ಆಯಿತು. ಸೊಪ್ಪಿನವಳಿಗೆ ಎರಡು ಸಲ ಹೇಳಿದೆನಂತೆ, ಅವಳೇ ನಕ್ಕಳು. ಈಗ ನಿಮಗೆ ಹೇಳುತ್ತಿದ್ದೇನೆ. ಆದರೆ ಬರೀ ಸಂತೋಷವನ್ನು ಹೇಳಿ ಮುಗಿಸಿದರೆ ಅರ್ಧ ಮುಚ್ಚಿಟ್ಟ ಹಾಗೆ. ಅವಳು ಹೊರಡುವ ಮುಂಚೆ ಒಂದು ಮಧ್ಯಾಹ್ನ ನಮ್ಮ ಮನೆಯಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ಹೇಗೆ ಹೇಳಬೇಕೋ ನನಗೆ ತಿಳಿಯದು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ನಡೆದ ಹಾಗೆ ಬರೆಯುತ್ತೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ದೆವ್ವ ಪೀಡೆ ಎಂದು ನಾನು ಯಾವತ್ತೂ ನಂಬಿದವಳಲ್ಲ. ಹುಣಸೆಮರದಲ್ಲಿ ಏನೋ ಇದೆ ಎಂದು ಪಕ್ಕದ ಮನೆಯವರು ಹೆದರಿದರೆ, ನಾನು ಹೋಗಿ ಅದೇ ಮರದಡಿ ಹುಣಸೆಹಣ್ಣು ಆಯ್ದುಕೊಂಡು ಬಂದವಳು. ಸತ್ತವರು ಬರುವ ಹಾಗಿದ್ದರೆ ನನ್ನ ಮಗ ಬರುತ್ತಿರಲಿಲ್ಲವೇ? ಹದಿನೇಳು ವರ್ಷದಲ್ಲಿ ಒಂದು ಸಲ ಕನಸಿಗೂ ಬರಲಿಲ್ಲ. ಅದಕ್ಕೇ ನಂಬುತ್ತಿರಲಿಲ್ಲ.

ನಮ್ಮದು ಬೊಂಬೆ ಮಾಡುವ ಮನೆ. ಲೇತಿನಲ್ಲಿ ಮರ ಕಡೆದು, ಅದು ತಿರುಗುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜುವ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ಒಣಗಿದ ತಾಳೆಗರಿ ಒತ್ತಿ ಹೊಳಪು ಕೊಡುತ್ತಾರೆ. ನಮ್ಮ ಮಗ ಮಾದೇಶ ಎಡಗೈಯವನು. ಎಲ್ಲರೂ ವಿಮಾನದ ಬೊಂಬೆಗೆ ಗರಿಯನ್ನು ಬಾಲದಿಂದ ಮೂತಿಗೆ ಎಳೆದರೆ ಅವನು ಮೂತಿಯಿಂದ ಬಾಲಕ್ಕೆ ಎಳೆಯುತ್ತಿದ್ದ. ಗರಿ ಎತ್ತಿದ ಕಡೆ ಕೂದಲೆಳೆಯಷ್ಟು ಬಣ್ಣ ದಪ್ಪವಾಗಿ ನಿಲ್ಲುತ್ತದೆ. ನೂರು ವಿಮಾನ ರಾಶಿ ಹಾಕಿದರೂ ಅವನದನ್ನು ನಾನು ಬೆರಳಲ್ಲಿ ಸವರಿ ತೆಗೆದುಕೊಡುತ್ತಿದ್ದೆ.

ವಿಮಾನವೆಂದರೆ ಅವನಿಗೆ ಪ್ರಾಣ. ಮೇಲೆ ಸದ್ದಾದರೆ ತಿರುಗುವ ಲೇತು ಬಿಟ್ಟು ಬೀದಿಗೆ ಓಡುತ್ತಿದ್ದ. ಬೊಂಬೆ ಕೊಳ್ಳಲು ಬಂದಿದ್ದ ಲಂಕೆಯ ವ್ಯಾಪಾರಿಯೊಬ್ಬರು, ನಮ್ಮ ಕೊಲಂಬೊದಲ್ಲಿ ವಿಮಾನ ತೆಂಗಿನ ತಲೆ ಸವರಿದ ಹಾಗೆ ಇಳಿಯುತ್ತದೆ ಎಂದಿದ್ದರಂತೆ. ಅಂದಿನಿಂದ ಅದೇ ಜಪ. ಒಂದಿನ ಹೋಗಿ ಫೋಟೋ ತೆಗೆದು ಬರಬೇಕು ಎನ್ನುತ್ತಿದ್ದ. ಪಾಸ್‌ಪೋರ್ಟು ಎಲ್ಲಿ ಮಾಡಿಸುತ್ತಾರೆ ಎಂದೂ ಅವನಿಗೆ ಗೊತ್ತಿರಲಿಲ್ಲ. ಒಂದು ಭಾನುವಾರ, ಯಾರದೋ ಕ್ಯಾಮೆರಾ ಕೇಳಿ ತಗೊಂಡು, ಬೆಂಗಳೂರಿನ ವಿಮಾನವನ್ನಾದರೂ ನೋಡಿಕೊಂಡು ಬರುತ್ತೇನೆಂದು ಬೈಕಿನಲ್ಲಿ ಹೊರಟ. “ಬೆಳಿಗ್ಗೆ ಹೋಗಿ ರಾತ್ರಿ ಬಂದ್ಬುಡ್ತೀನಿ” ಅಂದ. ವಾಪಸ್ಸು ಬರುವಾಗ ಹೆದ್ದಾರಿಯಲ್ಲಿ ಲಾರಿ. ಚೈತ್ರಳಿಗೆ ಆಗ ಆರು ವರ್ಷ.

ಅಂದಿನಿಂದ ನಮ್ಮ ಮನೆಯಲ್ಲಿ ವಿಮಾನದ ಬೊಂಬೆ ಮಾಡುವುದನ್ನು ನಿಲ್ಲಿಸಿದೆವು. ಇದ್ದವನ್ನೆಲ್ಲ ಸೊಸೆ ರತ್ನ ಮೂಟೆ ಕಟ್ಟಿ ಯಾರಿಗೋ ಕೊಟ್ಟುಬಿಟ್ಟಳು. ಹಿಂದಿನ ಕೋಣೆಯಲ್ಲಿದ್ದ ಅವನ ಲೇತಿನ ಮೋಟಾರನ್ನೂ ಬಿಚ್ಚಿ ಮಾರಿದೆವು. ಮೋಟಾರಿಲ್ಲದ ಮೇಲೆ ಅದು ಬರೀ ಕಬ್ಬಿಣ. ಮೇಲೆ ಗೋಣಿತಾಟು ಹೊದಿಸಿದ್ದೆ. ಸೋಮವಾರ ಸೋಮವಾರ ತಾಟು ತೆಗೆದು, ಧೂಳು ಒರೆಸಿ, ಕುಂಕುಮ ಇಡುತ್ತಿದ್ದೆ.

ಚೈತ್ರ ಅಪ್ಪನ ಹುಚ್ಚನ್ನೇ ಹೊತ್ತು ಹುಟ್ಟಿದ್ದಳು. ಸ್ಟುಡಿಯೋ ಒಂದರಲ್ಲಿ ಮದುವೆ ಫೋಟೋ ತೆಗೆಯುವ ಕೆಲಸ ಹಿಡಿದು, ಮೂರು ಮದುವೆ ಕಾಲ ದುಡಿದು, ಗುಟ್ಟಾಗಿ ಪಾಸ್‌ಪೋರ್ಟು ಮಾಡಿಸಿದ್ದಳು. ಅದು ಬಂದ ಮೇಲೆ ಒಂದು ಸೋಮವಾರ ಮಧ್ಯಾಹ್ನ, ಕರೆಂಟು ಹೋಗಿ ಯಜಮಾನರ ಲೇತೂ ನಿಂತಿದ್ದಾಗ, ನಮ್ಮಿಬ್ಬರನ್ನೂ ಮುಂದಿನ ಕೋಣೆಯಲ್ಲಿ ಕೂರಿಸಿಕೊಂಡು ಪ್ಲಾನು ಬಿಡಿಸಿದಳು. ನನಗೆ ಅರ್ಥವಾಗಲಿ ಎಂದು ಚಾಪೆಯ ಮೇಲೆ ಬೊಂಬೆಯ ಸಾಮಾನೆಲ್ಲ ಜೋಡಿಸಿದಳು. ಉದ್ದನೆ ಪಟ್ಟಿ ಇಟ್ಟು ಇದು ವಿಮಾನ ಓಡುವ ದಾರಿ ಎಂದಳು. ಮಣಿಸರ ಎಳೆದು ಇದು ಬೇಲಿ. ಬುಗುರಿ ಇಟ್ಟು ಇದು ಆಟೋ. ಬೇಲಿಯ ಪಕ್ಕ ಒಂದು ಪುಟ್ಟ ಬೊಂಬೆ ನಿಲ್ಲಿಸಿ, “ಇದು ನಾನು ಕಣಜ್ಜಿ. ಹನ್ನೊಂದು ಗಂಟೆವರೆಗೂ ಬಿಸಿಲು ನನ್ನ ಬೆನ್ನಿಗಿರ್ತದೆ, ಫೋಟೋ ಚೆನ್ನಾಗಿ ಬತ್ತದೆ. ರಾತ್ರಿ ವಿಮಾನಕ್ಕೆ ವಾಪಸ್ಸು” ಎಂದಳು.

ಯಜಮಾನರು ಬೀಡಿ ಹಚ್ಚುತ್ತಾ, “ಏನವ್ವಾ, ಲಂಕೆ ಸುಡಕ್ಕೆ ಹೊಂಟಿದ್ದೀಯಾ? ಬಾಲ ಎಲ್ಲೈತೆ?” ಎಂದರು.

“ಬಾಲ ವಿಮಾನಕ್ಕೈತೆ ತಾತ. ನೀನು ಬೀಡಿ ಆರಿಸು, ಮೊದ್ಲು ಮನೆ ಸುಟ್ಟೋದಾತು.”

ನಾವು ಮೂವರೂ ನಗುತ್ತಿದ್ದೆವು. ರತ್ನ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದನ್ನು ಯಾರೂ ನೋಡಿರಲಿಲ್ಲ.

“ಯಾರ್ನ ಕೇಳಿ ಹೊಂಟಿದ್ದೀಯ?”

“ಅವ್ವಾ, ಒಂದೇ ದಿನ ಕಣವ್ವಾ. ಬೆಳಿಗ್ಗೆ ಹೋಗಿ ರಾತ್ರಿ ಬಂದ್ಬುಡ್ತೀನಿ.”

ಅಪ್ಪನ ಮಾತೇ ಮಗಳ ಬಾಯಲ್ಲಿ ಬಂತು. ಅವಳಿಗೆ ಗೊತ್ತಿರಲಿಲ್ಲ, ಪಾಪ. ರತ್ನ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

“ನಿಮ್ಮಪ್ಪನೂ ಹಂಗೇ ಅಂದ್ಬುಟ್ಟು ಹೋಗಿದ್ರು. ತಂದು ಮಲಗಿಸಿದೋರು ಬೇರೆಯೋರು.”

“ಲಾರಿ ಮಾಡಿದ್ದು ಕಣವ್ವಾ ಅದು. ವಿಮಾನ ಏನ್ ಮಾಡ್ತು?”

“ಹೋಗು. ಹೋದ್ಮೇಲೆ ನನ್ನ ಅವ್ವಾ ಅನ್ಬೇಡ.”

ಚೈತ್ರ ಬೊಂಬೆಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕುತ್ತಿದ್ದಳು. ನಾನು ಯಾರ ಕಡೆ ಮಾತಾಡಲಿ? ಗಂಡನನ್ನು ಕಳೆದುಕೊಂಡವಳ ಭಯ ಸುಳ್ಳೇ? ಅಪ್ಪ ಕಾಣದೆ ಸತ್ತದ್ದನ್ನು ಕಾಣಬೇಕೆನ್ನುವ ಕೂಸಿನ ಆಸೆ ತಪ್ಪೇ? ಈ ಮನೆಯಲ್ಲಿ ಉಳಿದವರೂ ಒಬ್ಬರಿಗೊಬ್ಬರು ಇಲ್ಲದಂತಾಗುತ್ತಾರೆ ಎನ್ನಿಸಿತು ನನಗೆ.

ಆಗ ನನಗೆ ಅರಗಿನ ವಾಸನೆ ಬಂತು. ಕಾದ ಅರಗಿನ ವಾಸನೆ. ತಣ್ಣಗಿರುವ ಅರಗಿಗೆ ವಾಸನೆಯಿಲ್ಲ. ಮರ ತಿರುಗಿ, ಕಡ್ಡಿ ಒತ್ತಿದರೆ ಮಾತ್ರ ಬರುತ್ತದೆ. ಕರೆಂಟು ಹೋಗಿ ಗಂಟೆಯಾಗಿತ್ತು. ನನಗೇ ಭ್ರಮೆ ಎಂದುಕೊಂಡೆ. ಅಷ್ಟರಲ್ಲಿ ರತ್ನ ಮೂಗರಳಿಸಿ, “ಅತ್ತೆ, ಎಲ್ಲಾದ್ರೂ ಅರಗು ಸುಡ್ತಾ ಐತಾ?” ಎಂದಳು. ವಾಸನೆ ಹಿಂದಿನ ಕೋಣೆಯಿಂದ ಬರುತ್ತಿತ್ತು. ಇಬ್ಬರೂ ಹೋದೆವು.

ಗೋಣಿತಾಟು ನೆಲದಲ್ಲಿ ಬಿದ್ದಿತ್ತು. ಮಾದೇಶನ ಲೇತಿನ ಮೇಲೆ ಗೇಣುದ್ದದ ಒಂದು ವಿಮಾನದ ಮೈ ಸಿಕ್ಕಿಕೊಂಡಿತ್ತು. ರೆಕ್ಕೆಯಿಲ್ಲ, ಬರೀ ಮೈ. ಹಳದಿ ಬಣ್ಣ. ಆವತ್ತು ಬೆಳಿಗ್ಗೆಯಷ್ಟೇ ಅದೇ ಲೇತನ್ನು ಒರೆಸಿ ಕುಂಕುಮ ಇಟ್ಟಿದ್ದೆ. ಆಗ ಅಲ್ಲಿ ಏನೂ ಇರಲಿಲ್ಲ. ಇದನ್ನು ನಾನು ಯಾವ ದೇವರ ಮುಂದೆಯಾದರೂ ಹೇಳುತ್ತೇನೆ.

ರತ್ನ ಕೈ ಚಾಚಿ ಅದನ್ನು ಹಿಡಿದಳು, ಹಿಡಿದವಳೇ ಕೈ ಎಳೆದುಕೊಂಡಳು. “ಸುಡ್ತಾ ಐತೆ ಅತ್ತೆ” ಎಂದಳು. ನಾನೂ ಮುಟ್ಟಿದೆ. ಆಗತಾನೆ ಬಣ್ಣ ಹಾಕಿದ ಕಾವು. ಬಾಲದ ಕಡೆ ಬೆರಳಾಡಿಸಿದೆ. ಕೂದಲೆಳೆಯಷ್ಟು ದಪ್ಪ, ಅಲ್ಲೇ ಇತ್ತು. ಅಲ್ಲೇ ನೆಲದ ಮೇಲೆ ಕುಳಿತೆ. ಹೆದರಿಕೆ ಆಯಿತು ಎಂದರೆ ಸುಳ್ಳು. ಅಳು ಬಂತು, ಅಷ್ಟೇ. ಮಗು ತೊಟ್ಟಿಲಲ್ಲಿದ್ದಾಗ ಜ್ವರ ನೋಡಲು ಹಣೆ ಮುಟ್ಟುತ್ತಿದ್ದೆನಲ್ಲ, ಹಾಗೆ ಮತ್ತೆ ಮತ್ತೆ ಮುಟ್ಟಿದೆ. ನೋಡನೋಡುತ್ತಿದ್ದ ಹಾಗೆ ತಣ್ಣಗಾಯಿತು.

ಯಜಮಾನರು ಬಂದು ನೋಡಿ, ಅಟ್ಟದ ಮೇಲಿದ್ದ ಹಳೇ ತುಂಡನ್ನು ಯಾರೋ ಸಿಕ್ಕಿಸಿರಬೇಕು, ಗಾಜಿನ ಹೆಂಚಿನ ಬಿಸಿಲಿಗೆ ಕಾದಿದೆ ಎಂದರು. ನನಗೂ ಹಾಗೇ ನಂಬಲು ಇಷ್ಟ. ಆದರೆ ಮನೆಯಲ್ಲಿ ಇದ್ದವರೇ ನಾಲ್ಕು ಜನ. ಯಜಮಾನರು ಸುಳ್ಳು ಹೇಳಿದರೆ ಕಿವಿ ಕೆಂಪಾಗುತ್ತದೆ, ಆವತ್ತು ಆಗಲಿಲ್ಲ. ಚೈತ್ರ ನನ್ನ ಕಣ್ಣೆದುರಿಗೇ ಇದ್ದಳು, ರತ್ನ ಬಾಗಿಲು ಬಿಟ್ಟು ಕದಲಿರಲಿಲ್ಲ. ಆ ಹೆಂಚಿನ ಬಿಸಿಲು ಹನ್ನೆರಡಕ್ಕೇ ಗೋಡೆ ಹತ್ತಿಬಿಡುತ್ತದೆ. ರತ್ನಳ ಹೆಬ್ಬೆಟ್ಟಿನ ಗೆರೆ ಆ ಹಳದಿ ಅರಗಿನಲ್ಲಿ ಒತ್ತಿ ನಿಂತಿದೆ, ಈಗಲೂ ಇದೆ. ಬಿಸಿಲ ಕಾವಿಗೆ ಅರಗು ಅಷ್ಟು ಮೆತ್ತಗಾಗುತ್ತದೆಯೇ? ಐವತ್ತು ವರ್ಷ ಅರಗಿನ ಜೊತೆ ಬದುಕಿದವಳು ನಾನು. ನಾನು ಕಂಡಿಲ್ಲ. ಇದನ್ನು ನೀವು ನಂಬಬೇಕೆಂದು ನಾನು ಹೇಳುವುದಿಲ್ಲ. ನನಗೇ ದಿನಕ್ಕೊಂದು ತರಹ ಅನ್ನಿಸುತ್ತದೆ.

ರತ್ನ ಮುಖ ತೊಳೆದು ಬಂದು, ಚಾಪೆಯ ಮೇಲೆ ಮಗಳ ಎದುರಿಗೆ ಕುಳಿತಳು. ಬುಟ್ಟಿಯಿಂದ ಆ ಪುಟ್ಟ ಬೊಂಬೆಯನ್ನು ತೆಗೆದು ಕೆಳಗಿಟ್ಟು, “ಹನ್ನೊಂದು ಗಂಟೆವರ್ಗೂ ಬಿಸ್ಲಲ್ಲಿ ನಿಂತ್ಕಂಡು ಹೊಟ್ಟೆಗೇನು ಮಾಡ್ತೀಯ? ಅದೂ ಬರ್ಕೊ” ಎಂದಳು.

ಚೈತ್ರ ಮೊನ್ನೆ ಬೆಳಿಗ್ಗೆ ಹೋಗಿ, ರಾತ್ರಿಯೇ ವಿಮಾನ ಇಳಿದು, ನಿನ್ನೆ ಬೆಳಕು ಹರಿಯುವ ಹೊತ್ತಿಗೆ ಬೆಂಗಳೂರಿನ ಬಸ್ಸಿಂದ ಇಳಿದು ಬಂದಳು. ಮುಖವೆಲ್ಲ ಬಿಸಿಲಿಗೆ ಕಪ್ಪಾಗಿತ್ತು. ಸಂಜೆ ರತ್ನ ಬಸ್ಸಾರು ಮಾಡಿ ಮುದ್ದೆ ಕಟ್ಟಿದಳು. ಗಂಡ ಹೋದಾಗಿನಿಂದ ಎಲ್ಲರದೂ ಆದ ಮೇಲೆ ಒಲೆಯ ಮುಂದೆ ಒಬ್ಬಳೇ ಉಣ್ಣುವುದು ಅವಳ ರೂಢಿ. ನಿನ್ನೆ ನಾನು ಕರೆಯಲಿಲ್ಲ, ಅವಳೇ ತಟ್ಟೆ ಹಿಡಿದು ಬಂದು ಚೈತ್ರಳ ಪಕ್ಕ ಕುಳಿತಳು. ರತ್ನಳ ಕೈ ಎಂಜಲಾಗಿತ್ತು, ಫೋನು ಮುಟ್ಟುವ ಹಾಗಿರಲಿಲ್ಲ. ಮಗಳು ಒಂದೊಂದೇ ಫೋಟೋ ತೋರಿಸುತ್ತಿದ್ದಳು, ತಾಯಿ ಕತ್ತು ಚಾಚಿ ನೋಡುತ್ತಿದ್ದಳು. ಒಂದು ದೊಡ್ಡ ವಿಮಾನ, ಚಕ್ರ ಬಿಟ್ಟುಕೊಂಡು, ತೆಂಗಿನ ತಲೆಗಳ ಮೇಲೆ.

“ಎಷ್ಟ್ ಕೆಳಗೆ ಬತ್ತದಪ್ಪಾ” ಎಂದಳು ರತ್ನ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಯಜಮಾನರು ತಮ್ಮ ತಟ್ಟೆಯಿಂದ ಅರ್ಧ ಮುದ್ದೆ ಮುರಿದು ಅವಳ ತಟ್ಟೆಗೆ ಹಾಕಿದರು. ನಾನು ಸಾರು ಬಡಿಸಿದೆ. ನಾಲ್ಕೂ ಜನ ಉಂಡೆವು.