ಗುರೆಳ್ಳಿಗೆ ಹೊದಿಸಿದ ಪರದೆ

ಮೊಮ್ಮಕ್ಕಳೇ, ನಾನು ಚಿಕ್ಕವನಿದ್ದಾಗ ನನಗೆ ಎಲ್ಲರ ಮೇಲೂ ಅನುಮಾನ. ಹಾಲು ಕಡಿಮೆಯಾದರೆ ಬೆಕ್ಕಿನ ಮೇಲೆ, ಬೆಲ್ಲ ಕರಗಿದರೆ ಅಕ್ಕನ ಮೇಲೆ. ಈ ಗುಣ ಅಪ್ಪನಿಂದಲೇ ಬಂದಿತ್ತು.

ಅಜ್ಜಿ ತೀರಿಹೋದ ವರ್ಷ ಅವಳ ಗಡಿಗೆಯಲ್ಲಿ ಬೂದಿ ಬೆರೆಸಿಟ್ಟ ಒಂದು ಹಿಡಿ ಗುರೆಳ್ಳು ಸಿಕ್ಕಿತು. ಅವಳ ಬೀಜವೆಂದು ಉಳಿದದ್ದು ಅಷ್ಟೇ. ಅಪ್ಪ ಅದನ್ನು ಹಿತ್ತಲಿನಲ್ಲಿ ಬಿತ್ತಿದ. ಗಿಡ ನನ್ನ ಎದೆಯೆತ್ತರ ಬೆಳೆದು ಮೊದಲ ಹಳದಿ ಹೂ ಅರಳಿದ್ದೇ ತಡ, ಜೇನುನೊಣಗಳು ಗುಂಯ್ ಎಂದು ಬಂದವು.

ಅಪ್ಪ ರಾಣೆಬೆನ್ನೂರಿನ ಹತ್ತಿರ ಬಿತ್ತನೆ ಬೀಜ ಬೆಳೆಸುವ ಪ್ಲಾಟಿನಲ್ಲಿ ದುಡಿಯುತ್ತಿದ್ದ. ನೊಣಗಳು ಬೇರೆ ಹೊಲದ ಪರಾಗ ತಂದು ಬೀಜ ಕೆಡಿಸುತ್ತವೆಂದು ಅಲ್ಲಿ ಹೂವಿಗೆಲ್ಲ ಬಟ್ಟೆ ಕಟ್ಟುತ್ತಿದ್ದರು.

"ಎಲ್ಲಿಂದ ಏನ್ ಹೊತಗೊಂಡ್ ಬರ್ತಾವೋ! ಅವ್ವನ ಬೀಜ ಕಲಬೆರಕಿ ಆಗಬಾರದು" ಎಂದು ಅಪ್ಪ ಕೋಲು ನೆಟ್ಟು ಇಡೀ ಮಡಿಗೆ ತೆಳು ಬಟ್ಟೆಯ ಪರದೆ ಹೊದಿಸಿದ. ಕಾವಲಿಗೆ ನಾನು.

ಅಕ್ಕ ದಿನಾ ಬೆಳಿಗ್ಗೆ ಕಸ ಚೆಲ್ಲುವ ನೆಪದಲ್ಲಿ ಹಿತ್ತಲಿಗೆ ಹೋಗಿ ತಡಮಾಡಿ ಬರುತ್ತಿದ್ದಳು. ನನಗೆ ಅನುಮಾನ ಬಂತು. ಬೇಲಿಯ ಹಿಂದೆ ಅಡಗಿ ನೋಡಿದೆ. ಅವಳು ಪರದೆಯ ಒಂದು ಮೂಲೆ ಎತ್ತಿ ಕೋಲಿಗೆ ಸಿಕ್ಕಿಸಿದ್ದಳು. ನೊಣಗಳು ಸರಾಗವಾಗಿ ಒಳಗೆ ಹೋಗುತ್ತಿದ್ದವು.

"ಹೂವಿನ ಮನಿಗೂ ಬೀಗರು ಬರಬೇಕಲ್ಲ?" ಎಂದು ಅವಳು ತನ್ನಷ್ಟಕ್ಕೇ ನಗುತ್ತಿದ್ದಳು.

ನಾನು ಓಡಿಹೋಗಿ ಅಪ್ಪನಿಗೆ ಚಾಡಿ ಹೇಳಿದೆ. ಅಕ್ಕನಿಗೆ ಬೈಗುಳ ಬಿತ್ತು. ಅಪ್ಪ ಪರದೆಯನ್ನು ಸುತ್ತಲೂ ಹೊಲಿದುಬಿಟ್ಟ.

ಕೊಯ್ದು ಬಡಿದ ದಿನ ಮೊರದ ತುಂಬ ಬರೀ ಜೊಳ್ಳು. ಅಜ್ಜಿಯ ಬೀಜ ಮುಗಿಯಿತೆಂದು ಅಪ್ಪನ ಮುಖ ಬಾಡಿತು. ಕೊನೆಗೆ ಅಕ್ಕನ ಮೂಲೆಯ ಗಿಡಗಳನ್ನು ಬಡಿದಾಗ ಮಿರಮಿರ ಮಿಂಚುವ ಕಪ್ಪು ಕಾಳು ಉದುರಿತು, ಒಂದು ಹಿಡಿ.

ಅಪ್ಪ ಅದನ್ನು ಅಂಗೈಗೆ ಸುರಿದುಕೊಂಡ. "ಪ್ಲಾಟಿನ್ಯಾಗ ನಾವು ಕೈಲೆ ಪರಾಗ ಮುಟ್ಟಸ್ತೀವಿ. ಇಲ್ಲಿ ಮುಟ್ಟಸೋರು ಆ ನೊಣಗೋಳಽ ಆಗಿದ್ವು. ಕಳ್ಳರಂತ ತಿಳದು ಹೊರಗ ಹಾಕಿದೆ ನೋಡು" ಎಂದ. ನಾನು ತಲೆ ತಗ್ಗಿಸಿದೆ. ಬಹಳ ನಾಚಿಕೆಯಾಗಿತ್ತು.

ಮಕ್ಕಳೇ, ಹಾವೇರಿಯ ನಿಮ್ಮ ಮನೆಯಲ್ಲಿ ಕಿಟಕಿಗೆ ಜಾಳಿಗೆ, ಬಾಗಿಲಿಗೆ ಕ್ಯಾಮೆರಾ. ಮೊನ್ನೆ ಒಂದು ಜೇನುನೊಣ ಕಂಡದ್ದಕ್ಕೆ ಕಿರುಚಿ ಬಾಗಿಲು ಹಾಕಿಕೊಂಡಿರಿ. ರೊಟ್ಟಿಯ ಜೊತೆ ನೀವು ಚಪ್ಪರಿಸುವ ಗುರೆಳ್ಳು ಚಟ್ನಿ ಆ ಒಂದು ಹಿಡಿ ಬೀಜದ್ದೇ ಸಂತಾನ. ಕಾಗಿನೆಲೆಯ ತನ್ನ ಹಿತ್ತಲಿನಲ್ಲಿ ಬೆಳೆದು ಪ್ರತಿ ವರ್ಷ ಅಕ್ಕನೇ ತಂದುಕೊಡುತ್ತಾಳೆ.

ಚಾಡಿ ಹೇಳಿದ್ದು ಯಾರೆಂದು ಅವಳು ಇಂದಿಗೂ ಕೇಳಿಲ್ಲ. ಡಬ್ಬಿ ಕೈಗಿಡುವಾಗ ಮಾತ್ರ, "ಹಿತ್ತಲದಾಗ ಯಾರನ್ನೂ ಕಾವಲಿಗೆ ಇಟ್ಟಿಲ್ಲಪಾ ತಮ್ಮಾ" ಎಂದು ನಗುತ್ತಾಳೆ. ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ.